ಅಕ್ಕಯಮ್ಮ ಬಿಡಿಸಿದ ಪಟ್ಟಿ

ಬರ್ಕೋ ಕಣಮ್ಮ, ನಮ್ಮ ಅಕ್ಕಯಮ್ಮನ ವಿಷಯ ಹೇಳ್ತೀನಿ. ನನ್ನ ತಂಗಿ ಅವಳು, ಮಿಲಿಟರಿ ಆಸ್ಪತ್ರೇಲಿ ನರ್ಸಾಗಿದ್ದೋಳು. ಶಿಡ್ಲಘಟ್ಟದ ನಮ್ಮ ಮನೇಲಿ ಎಲ್ಲಾರೂ ರೇಷ್ಮೆ ಬಿಚ್ಚೋರೇ. ಗೂಡನ್ನ ಬಿಸಿನೀರಲ್ಲಿ ನೆನೆಸಿ, ಎಳೆಯ ತುದಿ ಹುಡುಕಿ, ಹರೀದಂಗೆ ಎಳೀಬೇಕು. ನನ್ನ ಕೈಲಿ ಯಾವಾಗ್ಲೂ ಹರಿಯೋದು, ಅದು ಬಿಡು.

ಚೀನಾ ಯುದ್ಧ ಆದ ಮಾರನೇ ವರ್ಷ ಅವಳು ರಜೆಗೆ ಬಂದ್ಲು. ಬೀದಿ ಹೆಂಗಸರೆಲ್ಲ ಬಂದು ಕೂತ್ರು.

"ಬಂದೂಕ ಹಿಡೀತೀಯೇನೇ?" ಅಂದ್ಲು ಎದುರು ಮನೆ ಓಬಳಮ್ಮ.

"ಥರ್ಮಾಮೀಟರ್ ಹಿಡೀತೀನಿ ಕಣಕ್ಕ" ಅಂದ್ಲು ಇವಳು.

ನಮ್ಮಮ್ಮ ಮಾತ್ರ ಮುಖ ಕೊಡ್ಲಿಲ್ಲ. ಗಂಡಸರ ಮೈ ಮುಟ್ಟೋ ಕೆಲಸ, ವಾಪಸ್ ಕಳಿಸಲ್ಲ ಅಂತ ಹಟ.

ನಾನು ಬಿಡ್ತೀನಾ? ನಾಲ್ಕು ದಿನ ಆದ್ಮೇಲೆ ಕೇಳ್ದೆ, "ಅಲ್ಲಿ ದಿನಾ ಏನ್ಮಾಡ್ತೀಯೇ?"

"ಒಬ್ಬ ಸಿಪಾಯಿ ಇದ್ದ ಅಕ್ಕ. ಹಿಮದಲ್ಲಿ ಕಾಲು ಕೆಟ್ಟು, ಪಟ್ಟಿ ಗಾಯಕ್ಕೆ ಅಂಟ್ಕೊಂಡಿತ್ತು. ಯಾರು ಹತ್ರ ಹೋದ್ರೂ ಕಿರುಚೋನು. ನಾನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕಾದೆ. ಆಮೇಲೆ ತುದಿ ಹುಡುಕಿ ಮೆಲ್ಲಗೆ ಬಿಡಿಸ್ದೆ. ಅಮ್ಮ ಗೂಡು ಬಿಚ್ಚೋ ಹಂಗೇನೇ."

ಗೂಡು ನೆನೆಸಿದ ಬಾಣಲೆ ಮುಂದೆ ಎಳೆ ಎಳೀತಾ ಕೂತಿದ್ದ ಅಮ್ಮನ ಕೈ ನಿಂತೋಯ್ತು. ಅಷ್ಟು ದಿನ ಅವಳ ಹತ್ರ ಮಾತಾಡದೋಳು ಕೇಳಿದ್ಲು, "ತೊಗಲು ಕಿತ್ತು ಬಂತೇನೇ?"

"ಇಲ್ಲಮ್ಮ, ಒಂದು ಚೂರೂ ಇಲ್ಲ. ಬಿಡಿಸ್ತಾ ಇದ್ದಂಗೇ ನಿದ್ದೆ ಮಾಡ್ಬಿಟ್ಟ."

ಅಮ್ಮ ಸ್ವಲ್ಪ ಹೊತ್ತು ಅವಳ ಬೆರಳನ್ನೇ ನೋಡಿದ್ಲು. "ರಜೆ ಯಾವತ್ತಿಗೆ ಮುಗೀತದೆ?" ಅಂದ್ಲು. ಭಾನುವಾರ ಅಂತ ಕೇಳಿದ್ದೇ ನನ್ನ ಕಡೆ ತಿರುಗಿ, "ನೀನೇನೇ ಬಾಯಿ ಬಿಟ್ಕೊಂಡು ಕೂತಿದ್ದೀಯ? ರೈಲಿಗೆ ಕಟ್ಟೋಕೆ ಹುರಿಹಿಟ್ಟು ಮಾಡ್ಬೇಕು, ರಾಗಿ ತೆಗಿ" ಅಂದ್ಲು.