ಕೇಳದೆ ಎತ್ತಿದ ಹಿಡಿ ಖಾರ

ತೆರಿಗೆ ಎಂದರೆ ಪಾವತಿ ಚೀಟಿ ಹರಿದುಕೊಟ್ಟು ಮಾಡುವ ಕಳವು ಎಂದು ನಾನು ಹೇಳಿದಾಗಲೆಲ್ಲ ನನ್ನ ಅಕ್ಕನಿಗೆ ಸಿಟ್ಟು ನೆತ್ತಿಗೇರುತ್ತದೆ. ಅವಳು ಸರಕಾರಿ ಶಾಲೆಯಲ್ಲಿ ಕಲಿಸುತ್ತಾಳೆ. ನಾನು ಸವಣೂರಿನಲ್ಲಿ ಖಾರ ಎನ್ನುವ ಕುರುಕಲು ತಿಂಡಿ ಮಾಡಿ ಸಂತೆಗಳಿಗೆ ಒಯ್ಯುತ್ತೇನೆ. ಅಕ್ಕ-ತಂಗಿ ಇಬ್ಬರೂ ಒಂದೇ ಮನೆಯಲ್ಲಿರುವುದರಿಂದ ಈ ಜಗಳಕ್ಕೆ ಸೂಟಿಯಿಲ್ಲ.

“ನಾ ಹುರದದ್ದು ನಂದು. ಪಾಲು ಬೇಕಾದವ್ರು ನನ್ನ ಕೇಳಬೇಕು. ಕೇಳದ ಒಯ್ದು ಶಾಲಿ ಕಟ್ಟಲಿ, ದವಾಖಾನಿ ಕಟ್ಟಲಿ, ಕಳವು ಅಂದ್ರ ಕಳವ,” ಎನ್ನುತ್ತೇನೆ.

“ಹಂಗಾರ ನನ್ನ ಪಗಾರ ಕಳವಿನ ಮಾಲೇನು?”

ಹೌದೆಂದರೆ ಅವತ್ತಿನ ರೊಟ್ಟಿ ನಾನೇ ಬಡಿಯಬೇಕು. ಆದರೂ ಹೌದು ಎಂದೇ ಹೇಳುತ್ತೇನೆ.

ಇಂಥ ವಾದಗಳನ್ನು ಕಾಲೇಜಿನಲ್ಲಿ ಓದಿದ್ದೆ. ಮೈಗೆ ಹತ್ತಿದ್ದು ಮಾತ್ರ ಹಾನಗಲ್ಲಿನ ಸಂತೆಯಲ್ಲಿ. ಅಲ್ಲಿ ನಾನು ಕೂಡುವುದು ನಮ್ಮವ್ವ ಕೂಡುತ್ತಿದ್ದ ಜಾಗದಲ್ಲೇ. ತೂಗಿ ಕೊಟ್ಟ ಮೇಲೆ ಗಿರಾಕಿಯ ಚೀಲಕ್ಕೆ ಇನ್ನೊಂದಿಷ್ಟು ಹಾಕುವುದಕ್ಕೆ ಕೊಸರು ಅನ್ನುತ್ತೇವೆ. ಕೊಸರು ಹಾಕುವಾಗ ಅವ್ವನ ಮುಖದಲ್ಲಿ ದೊಡ್ಡ ಮನೆತನದವರ ಗತ್ತು ಬರುತ್ತಿತ್ತು. ದಿನವಿಡೀ ಯಾರ್‍ಯಾರದೋ ಮಾತು ಕೇಳಿ ಬದುಕಿದವಳು, ಅದೊಂದನ್ನು ಮಾತ್ರ ತನ್ನ ಮನಸ್ಸಿಗೆ ಬಂದಷ್ಟು ಕೊಡುತ್ತಿದ್ದಳು.

ಆ ಸಂತೆಯಲ್ಲಿ ಜಕಾತಿ, ಅಂದರೆ ಸಂತೆ ತೆರಿಗೆಯ ವಸೂಲಿಯನ್ನು ಗುತ್ತಿಗೆ ಹಿಡಿದವನ ಆಳೊಬ್ಬನಿದ್ದ. ಪಾವತಿ ಹರಿದುಕೊಟ್ಟ ಮೇಲೆ ಪ್ರತಿಯೊಬ್ಬರ ಬುಟ್ಟಿಗೂ ಕೈಹಾಕಿ ಒಂದು ಹಿಡಿ ಎತ್ತುತ್ತಿದ್ದ. ಅದನ್ನೂ ಅವನು ಕೊಸರು ಎಂದೇ ಕರೆಯುತ್ತಿದ್ದ. ಎತ್ತಿದ್ದಕ್ಕಿಂತ ಆ ಹೆಸರು ನನ್ನನ್ನು ಹೆಚ್ಚು ಉರಿಸುತ್ತಿತ್ತು.

ಹೋದ ವರ್ಷ ಒಂದು ಸಂತೆಯಲ್ಲಿ ಅವನ ಕೈ ಬರುವ ಮೊದಲೇ ಬುಟ್ಟಿಗೆ ತಟ್ಟೆ ಮುಚ್ಚಿದೆ.

“ಜಕಾತಿ ಕೊಟ್ಟೇನಿ. ಖಾರ ಬೇಕಾದ್ರ ಕೇಳು.”

“ಕೇಳೂದೇನೈತ್ರಿ? ಎಲ್ಲಾರೂ ಕೊಡ್ತಾರ.”

“ಯಾರೂ ಕೊಡೂದಿಲ್ಲ. ನೀ ತಗೋತಿ, ಅವ್ರು ಸುಮ್ಮನ ಕುಂತಿರ್ತಾರ.”

“ಹಂಗಾರ ಮುಂದಿನ ಸಂತಿಗೆ ಈ ಜಾಗಾ ಮರೀರಿ,” ಎಂದು ಮುಂದೆ ಹೋದ.

ಅವ್ವನ ಜಾಗ ಹೋಗುತ್ತದೆಂಬ ಚಿಂತೆ ಹೊತ್ತು ಮನೆಗೆ ಬಂದೆ. ಅಕ್ಕನಿಗೆ ಹೇಳಿದರೆ ಅವಳು ನಕ್ಕಳು.

“ಸರಕಾರದ ಬಸ್ಸಿನ್ಯಾಗ ಪುಕ್ಕಟೆ ಹೋಗ್ತಿ. ತೆರಿಗಿ ಕಳವು ಅಂತ ಭಾಷಣ ಬ್ಯಾರೆ ಬಿಗೀತಿ. ಮೊದಲ ಬಸ್ಸಿನಿಂದ ಇಳಿ ನೀ.”

ಮಾತು ನೆಟ್ಟಗೆ ನಾಟಿತು. ಮುಂದಿನ ಸಂತೆಗೆ ಹೊರಟಾಗ ಕಂಡಕ್ಟರಿಗೆ ದುಡ್ಡು ಚಾಚಿದೆ.

“ಆಧಾರ್ ತೋರಿಸಿದ್ರ ಸಾಕ್ರಿ, ಅಕ್ಕಾರ.”

“ಆಧಾರ್ ಐತ್ರಿ. ಟಿಕೆಟ್ ಕೊಡ್ರಿ.”

ಬಸ್ಸಿನ ಹೆಂಗಸರೆಲ್ಲ ತಿರುಗಿ ನೋಡಿದರು. “ಇಕಿಗೆ ರೊಕ್ಕ ಹೆಚ್ಚಾಗೇತಿ,” ಎಂದು ಒಬ್ಬ ಮುದುಕಿ ಗೊಣಗಿದಳು. ನಗುವವರು ನಗಲಿ ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಬಸ್ಸಿಗೆ ಕೊಟ್ಟೆ, ರಸ್ತೆಗೆ? ರಸ್ತೆಗೂ ಕೇಳಿದ್ದರೆ ಕೊಡುತ್ತಿದ್ದೆ, ಯಾರೂ ಕೇಳಲಿಲ್ಲ ಎಂದಷ್ಟೇ ಹೇಳಬಲ್ಲೆ.

ಸಂತೆಯಲ್ಲಿ ನನ್ನ ಜಾಗದಲ್ಲೇ ಬುಟ್ಟಿ ಇಳಿಸಿದೆ. ಆಳು ಬಂದ. “ಏಳ್ರಿ,” ಎಂದ. ನಾನು ಜಕಾತಿಯ ದುಡ್ಡು ಮುಂದಿಟ್ಟೆ, ಏಳಲಿಲ್ಲ. ಆಗ ಪಕ್ಕದಲ್ಲಿ ಒಣಮೆಣಸಿನಕಾಯಿ ಮಾರುವವಳು ತನ್ನ ಚೀಲದ ಬಾಯಿ ಹಿಡಿದು, “ಆಕಿ ಎದ್ರ ನಾವೂ ಏಳ್ತೇವಿ. ಖಾಲಿ ನೆಲದಿಂದ ಜಕಾತಿ ಎತ್ತು,” ಎಂದಳು. ಅವಳ ಆಚೆ ಕೂತವರೂ ಒಬ್ಬೊಬ್ಬರಾಗಿ ಬುಟ್ಟಿ ಮುಚ್ಚಿದರು.

ಅವನು ಸುತ್ತ ನೋಡಿದ. ಪಾವತಿ ಹರಿದುಕೊಟ್ಟ. ಕೊನೆಗೆ ತಲೆ ಕೆರೆದುಕೊಂಡು, “ಒಂದೀಟು ಖಾರ ಕೊಡ್ತೀರೇನ್ರಿ?” ಎಂದ.

“ಇಲ್ಲ.”

“ಕೇಳಿದ್ನಲ್ರಿ ಮತ್ತ!”

“ಕೇಳಿದಿ. ನಾ ಇಲ್ಲ ಅಂದೆ.”

ಅವನು ಏನೋ ಬೈದುಕೊಳ್ಳುತ್ತ ಮುಂದೆ ಹೋದ. ಅಂದು ಅವನ ಕೈ ಯಾರ ಬುಟ್ಟಿಗೂ ಇಳಿಯಲಿಲ್ಲ.

ಸಂಜೆ ಅಕ್ಕ ಎಲ್ಲ ಕೇಳಿಸಿಕೊಂಡಳು. “ಜಕಾತಿ ಕೊಟ್ಟ ಬಂದಿ ಅಲ್ಲಾ?” ಎಂದು ಕೆಣಕಿದಳು.

“ಕೊಟ್ಟಿಲ್ಲ, ಒಯ್ದಾರ. ಜಕಾತಿಗೆ ‘ಇಲ್ಲ’ ಅನ್ನಾಕ ಬರೂದಿಲ್ಲ.”

ಅವಳು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಮಾತಾಡುತ್ತಲೇ ರೂಢಿಯಂತೆ ಉಳಿದ ಖಾರದ ಬುಟ್ಟಿಗೆ ಕೈ ಇಳಿಸಿದವಳು ನಡುವೆಯೇ ನಿಂತಳು.

“ತಗೋಲೇನು?”

“ಇಲ್ಲ ಅಂದ್ರ?”

“ಬಿಡ್ತೇನಿ.”

ಸರಕಾರದ ಬಾಯಿಂದ ನಾನು ಕೇಳಬೇಕೆಂದು ಹಂಬಲಿಸಿದ್ದು ಆ ಒಂದು ಮಾತನ್ನೇ. ಅಕ್ಕನ ಬೊಗಸೆ ತುಂಬ ಖಾರ ಹಾಕಿದೆ, ಮೇಲೆ ಕೊಸರೂ ಹಾಕಿದೆ.