ಅನಸೂಯಮ್ಮನ ಬೆರಳಿಗೆ ಸಿಕ್ಕಿದ ಸದ್ದು

ಕಾಲು ಉಳುಕಲಿ, ಕತ್ತು ಹಿಡಿಯಲಿ, ಶಿಡ್ಲಘಟ್ಟದ ಆಚೆಗಿನ ಏಳೆಂಟು ಹಳ್ಳಿಯವರು ಬರುತ್ತಿದ್ದುದು ಅನಸೂಯಮ್ಮನ ಜಗುಲಿಗೆ. ಹರಳೆಣ್ಣೆ ಬೆಚ್ಚಗೆ ಮಾಡಿ ಅವಳು ನೀವಿದಳೆಂದರೆ, ಹೊತ್ತು ತಂದವರು ನಡೆದೇ ಮನೆಗೆ ಹೋಗುತ್ತಿದ್ದರು. ಆ ಹೆಸರೇ ಅವಳಿಗೆ ಮುಳುವಾಯಿತು.

ಹೋದ ವರ್ಷ ಅವಳ ತಂಗಿಯ ಮಗ ಚಿರಂಜೀವಿ, ಅವಳ ಮನೆ ಪಕ್ಕದ ರೇಷ್ಮೆಹುಳದ ಮನೆಗೆ ಪರದೆ ಕಟ್ಟುತ್ತಿದ್ದವನು, ಏಣಿ ಜಾರಿ ಕಲ್ಲುಕಂಬಕ್ಕೆ ಪಕ್ಕೆ ಬಡಿದು ಬಿದ್ದ.

"ಆಸ್ಪತ್ರೆಗೆ ಹೋಗಣ ಅತ್ತೆ" ಎಂದಳು ಅವನ ಹೆಂಡತಿ ತನುಜ.

"ಹೋಗೇ, ನೀನು ಚಪ್ಪಲಿ ಹುಡುಕೋದ್ರೊಳಗೆ ಇವನ್ನ ಎಬ್ಬಿಸಿ ಕೂರಿಸ್ತೀನಿ ಕಣೇ" ಎಂದು ಅನಸೂಯಮ್ಮ ಎಣ್ಣೆ ಬಟ್ಟಲು ಹಿಡಿದಳು.

ಪಕ್ಕೆ ನೀವುವಾಗ ಚರ್ಮದಡಿ ಏನೋ ಚರಪರ ಅಂದಿತು. ಹಸಿದ ಹುಳ ಸೊಪ್ಪು ಮೇಯುವ ಸದ್ದು ಬೆರಳಿಗೆ ತಾಕಿದ ಹಾಗೆ. ಮೂವತ್ತು ವರ್ಷದಲ್ಲಿ ಅಂಥದ್ದು ಕೈಗೆ ಸಿಕ್ಕಿರಲಿಲ್ಲ. ಕೈ ಒಂದು ಗಳಿಗೆ ನಿಂತಿತು. ಆದರೆ ಅಂಗಳದ ತುಂಬ ಜನ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಬಟ್ಟೆ ಕಾಯಿಸಿ ಶಾಖ ಕೊಡುತ್ತಾ ಕೂತಳು, ಎರಡು ಗಂಟೆ.

ಅಷ್ಟರಲ್ಲಿ ಊತ ಎದೆ ಹತ್ತಿ, ಕತ್ತು ಹತ್ತಿ, ಕಣ್ಣನ್ನೇ ಮುಚ್ಚಿಸಿತ್ತು. "ಉಸ್ರು... ಮಲಗಿಸ್ಬೇಡಿ..." ಚಿರಂಜೀವಿಯ ಮಾತು ಮೂಗಿನಿಂದ ಬಂತು. ತನುಜ ಈ ಸಲ ಯಾರನ್ನೂ ಕೇಳಲಿಲ್ಲ. ರೇಷ್ಮೆಗೂಡು ಸಾಗಿಸುವ ಟೆಂಪೋಗೆ ಅವನನ್ನು ಹತ್ತಿಸಿ, ಕೂತಂತೆಯೇ ಹಿಡಿದುಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದಳು. ಅನಸೂಯಮ್ಮನೂ ಹಿಂದೆಯೇ ಹತ್ತಿಕೊಂಡಳು.

ಡಾಕ್ಟರು ಕತ್ತು ಒತ್ತಿ ನೋಡಿದವರೇ ನರ್ಸಮ್ಮನನ್ನು ಕೂಗಿದರು. ಪಕ್ಕೆಗೆ ಒಂದು ಕೊಳವೆ, ಉಸಿರಾಡಲು ಗಂಟಲಿಗೊಂದು, ಗಾಳಿ ಹೊರಗೆ ಹೋಗಲು ಕೊರಳೆಲುಬಿನ ಕೆಳಗೆ ಎರಡು ಸಣ್ಣ ಕೊಯ್ತ.

"ಪಕ್ಕೆಲುಬು ಮುರಿದು ಶ್ವಾಸಕೋಶ ಚುಚ್ಚಿದೆ. ಗಾಳಿ ಚರ್ಮದಡಿ ತುಂಬಿ ಗಂಟಲು ಒತ್ತಿದೆ. ಬಿದ್ದಿದ್ದು ಯಾವಾಗ?"

ತನುಜ ಚೀಟಿ ಮಾಡಿಸಲು ಹೋಗಿದ್ದಳು. "ಈಗ್ಲೇ ಸ್ವಾಮಿ" ಎಂದಳು ಅನಸೂಯಮ್ಮ, ಎಣ್ಣೆ ಕೈ ಸೆರಗಿನಲ್ಲಿ ಮುಚ್ಚಿಕೊಂಡು.

ಐದನೇ ದಿನ ಗಂಟಲ ಕೊಳವೆ ತೆಗೆದರು. ಚಿರಂಜೀವಿಯ ಮೊದಲ ಮಾತು: "ದೊಡ್ಡಮ್ಮ, ಇನ್ನೂ ಎಣ್ಣೆ ವಾಸ್ನೆ ಬರ್ತೈತಲ್ಲ, ಕೈ ತೊಳ್ಕೊಂಡಿಲ್ವಾ?"

ನಗಿಸಲೆಂದೇ ಅಂದದ್ದು. ಅವಳು ಎದ್ದು ನೆಟ್ಟಗೆ ಡಾಕ್ಟರ ಕೋಣೆಗೆ ಹೋದಳು.

"ಸುಳ್ಳು ಹೇಳ್ದೆ ಸ್ವಾಮಿ. ಎರಡು ಗಂಟೆ ತಿಕ್ಕಿದೋಳು ನಾನೇ. ನನ್ ಕೈಯಿಂದ್ಲೇ ಗಾಳಿ ಸೇರ್ತು."

"ಗಾಳಿ ಸೇರಿದ್ದು ಎಲುಬು ಚುಚ್ಚಿ, ನಿಮ್ಮ ಕೈಯಿಂದ ಅಲ್ಲಮ್ಮ. ಆದ್ರೆ ಆ ಎರಡು ಗಂಟೆ ತಡಕ್ಕೆ ಪ್ರಾಣವೇ ಹೋಗಿಬಿಡ್ತಿತ್ತು."

ಈಗಲೂ ಜನ ಬರುತ್ತಾರೆ. ಎದೆಗೋ ಪಕ್ಕೆಗೋ ಪೆಟ್ಟು ಅಂದರೆ ಅನಸೂಯಮ್ಮ ಬಟ್ಟಲು ಮುಟ್ಟುವುದಿಲ್ಲ. "ನಂಗೊತ್ತಿಲ್ಲಪ್ಪ, ಆಸ್ಪತ್ರೆಗೆ ನಡಿ" ಎಂದು ಎಲ್ಲರೆದುರೇ ಅನ್ನುತ್ತಾಳೆ. ಪಕ್ಕದ ಮನೆಯಲ್ಲಿ ಹುಳ ಸೊಪ್ಪು ಮೇಯುವ ಆ ಚರಪರ ಕೇಳಿದರೆ ಮಾತ್ರ ಎದ್ದು ಹೊರಗೆ ಬಂದು ಕೂರುತ್ತಾಳೆ.