ಕನು ಅನ್ನದ ಸೇಡು

ಆ ಮನೆ ಮಾಲಕಿಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಗೋಜಿಗೂ ನಾನು ಹೋಗಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಅಪ್ಪ ಮಧುರೆಯ ವ್ಯಾಪಾರಿಯೊಬ್ಬರ ಪರವಾಗಿ ಮೆಣಸಿನಕಾಯಿ ಕೊಳ್ಳಲು ಬ್ಯಾಡಗಿಗೆ ಬಂದು ಅಲ್ಲೇ ನಿಂತುಬಿಟ್ಟವರು. ಆ ಹೆಂಗಸಿನ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಊರಿಗೆಲ್ಲ ಸಂಕ್ರಾಂತಿಯಾದ ದಿನ ನಮ್ಮ ಒಲೆಯ ಮೇಲೆ ಪೊಂಗಲ್ ಉಕ್ಕುತ್ತಿತ್ತು. ಮರುದಿನ ಊರಿನವರಿಗೆ ಕರಿ, ಶುಭಕಾರ್ಯಕ್ಕೆ ಆಗದ ದಿನ; ನಮಗೆ ಆ ಬೆಳಿಗ್ಗೆ ಕನು. ಹೆಣ್ಣುಮಕ್ಕಳು ಸ್ನಾನಕ್ಕೆ ಮುಂಚೆಯೇ ಮಾಳಿಗೆ ಹತ್ತಿ, ಅರಿಶಿನದ ಅನ್ನ, ಕುಂಕುಮದ ಅನ್ನ, ಮೊಸರನ್ನಗಳನ್ನು ಉಂಡೆ ಕಟ್ಟಿ ಬಾಳೆ ಎಲೆಯ ಮೇಲೆ ಕಾಗೆಗಳಿಗೆ ಇಡಬೇಕು. ಒಡಹುಟ್ಟಿದ ಗಂಡುಮಕ್ಕಳು ಚೆನ್ನಾಗಿರಲಿ ಅಂತ ಇದು. ನನಗಿದ್ದವನು ಒಬ್ಬನೇ ಅಣ್ಣ, ರಾಣೆಬೆನ್ನೂರಿನ ಕಾಲೇಜಿಗೆ ಹೋಗುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ಸತ್ತು ಬದುಕಿದ್ದ. ಅದಕ್ಕೇ ಆ ವರ್ಷ ಒಂದೊಂದು ಉಂಡೆಯನ್ನೂ ದೇವರ ಹೆಸರು ಹೇಳಿ ಕಟ್ಟಿದ್ದೆ.

ಕಾಗೆ ಇನ್ನೂ ಇಳಿದಿರಲಿಲ್ಲ. ಮೆಣಸಿನಕಾಯಿ ಒಣಹಾಕಲು ಮಾಲಕಿ ಮೇಲೆ ಬಂದಳು. ಎಲೆ ನೋಡಿದವಳೇ ಕೈಯಲ್ಲಿದ್ದ ಬುಟ್ಟಿ ಬಿಟ್ಟಳು.

"ಅಯ್ಯ ನಿನ್ನ! ಕರಿ ದಿನಾ ನನ್ನ ಮಾಳಿಗಿ ಮ್ಯಾಲೆ ಪಿಂಡ ಇಡ್ತೀಯೇನ? ನಮ್ಮ ಮನಿಯವರು ಹಾಸಿಗಿ ಹಿಡದಾರ, ಅವರನ್ನ ಕಳಸಾಕ ನಿಂತೀರೇನ ನೀವು?"

"ಪಿಂಡ ಅಲ್ಲರಿ ಕಾಕೂ, ನಮ್ಮ ಅಣ್ಣಗ..." ಅನ್ನುವಷ್ಟರಲ್ಲಿ ಕಾಲಿಂದ ಒದ್ದಳು. ಎಲೆಸಮೇತ ಅನ್ನ ಗಟಾರಕ್ಕೆ ಬಿತ್ತು. ಅಮ್ಮ ಓಡಿ ಬಂದು, ತನಗೆ ಬರುತ್ತಿದ್ದ ನಾಲ್ಕು ಮಾತಿನ ಕನ್ನಡದಲ್ಲಿ "ತಪ್ಪಾತ್ರಿ, ತಪ್ಪಾತ್ರಿ" ಎಂದು ಕೈಮುಗಿದಳು. ಅಮ್ಮ ಕೈಮುಗಿದದ್ದು ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ನಿನಗೂ ಒಬ್ಬ ತಮ್ಮ ಇದ್ದಾನಲ್ಲ, ನೋಡ್ತಿರು ಅಂದುಕೊಂಡೆ.

ಏಳು ತಿಂಗಳು ಕಾದೆ. ಅವಳ ಗಂಡ ಗುಣವಾಗಿ ಗುಂಡುಕಲ್ಲಿನಂತೆ ಅಂಗಡಿಗೆ ಓಡಾಡುತ್ತಿದ್ದ. ನಾಗರ ಪಂಚಮಿ ಬಂತು, ಆ ಸೀಮೆಯ ಹೆಣ್ಣುಮಕ್ಕಳಿಗೆ ತವರಿನಿಂದ ಕರೆ ಬರುವ ಹಬ್ಬ. ಮಾಲಕಿ ಚೀಲ ಕಟ್ಟಿಟ್ಟುಕೊಂಡು, ಬಾಗಿಲಿಗೆ ಬೀಗ ಹಾಕಿ ಗಿರಣಿಗೆ ಹೋಗಿದ್ದಳು. ಅಷ್ಟರಲ್ಲಿ ಮೋಟೆಬೆನ್ನೂರಿನಿಂದ ಅವಳ ತಮ್ಮ ಬಂದ.

"ತಂಗೀ, ನಮ್ಮಕ್ಕ ಎಲ್ಲಿ ಹೋಗ್ಯಾಳವಾ?"

"ಹಾವೇರಿಗೆ ಹೋಗ್ಯಾರ್ರಿ. ತವರಿಂದ ಯಾರರ ಬಂದ್ರ, ಈ ಸಲ ಬರೂದಿಲ್ಲ, ಕಾಯಬ್ಯಾಡ್ರಿ ಅಂತ ಹೇಳು ಅಂದಾರ."

ಅವನ ಮುಖ ಸಣ್ಣದಾಯಿತು. ಅಕ್ಕನಿಗೆಂದು ತಂದ ಉಂಡಿಯ ಡಬ್ಬಿಯನ್ನು ಬಗಲಿಗೆ ಹಾಕಿಕೊಂಡು ಹೊರಟುಹೋದ. ಸಂಜೆಯತನಕ ಅವಳು ಹೊಸ ಸೀರೆಯುಟ್ಟು ಕಟ್ಟೆಯ ಮೇಲೆ ಕೂತು ದಾರಿ ನೋಡಿದಳು. ಕಿಟಕಿಯಿಂದ ನಾನು ಅವಳನ್ನು ನೋಡಿದೆ. ಆಹಾ, ಎಷ್ಟು ಹಿತವಾಗಿತ್ತು! ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ಮರುದಿನ ಬೆಳಿಗ್ಗೆ ಖುಷಿ ತಡೆಯಲಾರದೆ ಎಲ್ಲವನ್ನೂ ಅಣ್ಣನಿಗೆ ಹೇಳಿದೆ. ನಿನಗಾಗಿಯೇ ಮಾಡಿದ್ದು ಅಂದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. ಅವನು ಸೈಕಲ್ ತೆಗೆದುಕೊಂಡು ಸೀದಾ ಮೋಟೆಬೆನ್ನೂರಿಗೆ ಹೋದ. ಮಧ್ಯಾಹ್ನ ಆ ತಮ್ಮನನ್ನು ಜೊತೆಗೇ ಕರೆತಂದ. ಅಂಗಳದಲ್ಲಿ ನಿಂತು, "ಹುಡುಗಾಟಕ್ಕ ನಾನ ನಮ್ಮ ತಂಗೀ ಕಡೆಯಿಂದ ಸುಳ್ಳು ಹೇಳಿಸಿದ್ನಿರಿ" ಅಂದ.

ಮಾಲಕಿ ಮೆಟ್ಟಿಲಿಳಿದು ಬಂದಳು. ಓಣಿಯೇ ನೆರೆದಿತ್ತು. ಎರಡು ಹಿಡಿ ಮಣ್ಣು ತೆಗೆದು ಅಣ್ಣನ ಮೈಮೇಲೆ ತೂರಿದಳು.

"ತವರು ಮುರಿಯಾಕ ಹೊಂಟಿದ್ದೆಲ್ಲೋ ಭಾಡ್ಯಾ! ನಿನ್ನ ತಂಗೀಗೂ ಪಂಚಮಿಗೆ ಕರಿಯಾಕ ಅಣ್ಣ ಇಲ್ಲದಂಗಾಗ್ಲಿ!"

ಅಣ್ಣ ತಲೆತಗ್ಗಿಸಿ ನಿಂತಿದ್ದ. ಕಾಮಾಲೆಯಲ್ಲಿ ಸೊರಗಿದ ಮೈ ಇನ್ನೂ ತುಂಬಿರಲಿಲ್ಲ. ಅವನ ಅಂಗಿಯ ಮೇಲೆಲ್ಲ ಮಣ್ಣು. ನಾನು ಬಾಗಿಲ ಹಿಂದಿದ್ದೆ. ನಾನೇ ಹೇಳಿದ್ದು, ಶಾಪ ನನಗೆ ಹಾಕ್ರಿ ಅಂತ ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ.